ನೀನು ಬಿಟ್ಟ ಸಾಲು

ಎನ್.ಆರ್. ಕಾಲೋನಿ
20 ಜುಲೈ 2008

ಪ್ರೀತಿಯ ಕೋಪಿಲಾ,

ಏಳನೇ ಕ್ಲಾಸಿನಲ್ಲಿ ನಿನಗೆ ಕನ್ನಡ ಕಲಿಸಿದ ಗಿರಿಜಾಂಬಾ ಮಿಸ್ ಬರೆಯುತ್ತಿದ್ದೇನೆ. ಹಿರಿಯಳಾದ ನಾನು ಆಶೀರ್ವಾದದಿಂದ ಶುರು ಮಾಡಬೇಕಿತ್ತು. ಆದರೆ ಒಂಬತ್ತು ವರ್ಷದಿಂದ ಒಂದು ಮಾತು ಗಂಟಲಲ್ಲೇ ಕೂತಿದೆ. ಮೊದಲು ಅದು ಹೊರಗೆ ಬರಲಿ, ಆಶೀರ್ವಾದ ಆಮೇಲೆ.

1999ರ ಆಗಸ್ಟ್ ನೆನಪಿದೆಯಾ? ಕಾರ್ಗಿಲ್ ಯುದ್ಧ ಮುಗಿದು ಮೂರು ವಾರವೂ ಆಗಿರಲಿಲ್ಲ. ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಗಳಿಗೂ ಬಾವುಟ ಸಿಕ್ಕಿಸಿದ್ದರು. ಸ್ವಾತಂತ್ರ್ಯ ದಿನದ ಭಾಷಣಗಳನ್ನು ಪ್ರತಿ ವರ್ಷ ನಾನೇ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆನಲ್ಲ, ಆ ವರ್ಷ ನನ್ನನ್ನು ಹಿಡಿಯುವವರೇ ಇರಲಿಲ್ಲ. ನಮ್ಮ ಸೈನಿಕರ ಬಗ್ಗೆ ಬರೆದೆ, ಸರಿ. ಅಲ್ಲಿಗೇ ನಿಲ್ಲಿಸಿದ್ದರೆ ಏನು ಹೋಗುತ್ತಿತ್ತು? ‘ಅಕ್ಕಪಕ್ಕದ ಪುಟ್ಟ ದೇಶಗಳ ಜನ ಇಂದು ನಮ್ಮ ಬಾಗಿಲು ಕಾದು ಹೊಟ್ಟೆ ಹೊರೆಯುತ್ತಿದ್ದಾರೆ’ ಎಂದು ಸೇರಿಸಿದೆ. ನಾನೇ ಎರಡು ಸಲ ಓದಿಕೊಂಡು ಭಲೇ ಅಂದುಕೊಂಡೆ.

ಅದನ್ನು ನಿನ್ನ ಕೈಗೇ ಕೊಟ್ಟೆನಲ್ಲ! ಕ್ಲಾಸಿನಲ್ಲಿ ನಿನ್ನಷ್ಟು ಚೆಂದ ಕನ್ನಡ ಮಾತಾಡುವವರು ಇರಲಿಲ್ಲ. ನೀನು ನೇಪಾಳದವಳು ಅನ್ನುವುದೇ ನನಗೆ ಮರೆತುಹೋಗಿತ್ತು. ಹಾಗೆ ಮರೆಯುವುದು ನನ್ನ ದೊಡ್ಡತನ ಅಂದುಕೊಂಡಿದ್ದೆ. ನಿಮ್ಮಪ್ಪ ಹನುಮಂತನಗರದಲ್ಲಿ ವಾಚ್‌ಮನ್ ಅನ್ನುವುದು ಗೊತ್ತಿತ್ತು ಕಣೇ. ಗೊತ್ತಿದ್ದೂ ಹೊಳೆಯಲಿಲ್ಲ.

ಅವತ್ತು ನೀನು ಪಟಪಟನೆ ಹೇಳುತ್ತಾ ಬಂದು ಆ ಸಾಲಿಗೆ ನಿಂತುಬಿಟ್ಟೆ. ಮರೆತೆಯೇನೋ ಎಂದು ನಾನು ವೇದಿಕೆಯ ಪಕ್ಕದಿಂದ ‘ಅಕ್ಕಪಕ್ಕದ, ಅಕ್ಕಪಕ್ಕದ’ ಎಂದು ಪಿಸುಗುಟ್ಟಿದೆ. ನೀನು ನನ್ನ ಕಡೆ ಒಮ್ಮೆ ನೋಡಿ, ಅದೊಂದನ್ನು ಬಿಟ್ಟು, ಉಳಿದದ್ದನ್ನು ಮುಗಿಸಿ ಇಳಿದೆ. ‘ಅಷ್ಟು ಸಲ ಹೇಳ್ಸಿದೀನಿ, ಮರ್ತುಬಿಟ್ಯಲ್ಲೇ’ ಅಂದೆ. ‘ಮರೀಲಿಲ್ಲ ಮಿಸ್. ಅಪ್ಪ ರಜಾ ಹಾಕಿ ಕೇಳೋಕೆ ಬಂದಿದಾರೆ. ಅವ್ರ ಮುಂದೆ ಅದನ್ನ ಹೇಗೆ ಹೇಳ್ಲಿ?’ ಅಂದೆ ನೀನು.

ಆಗಲಾದರೂ ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು. ‘ನಮ್ಮ ಅನ್ನ ತಿನ್ನೋವಾಗ ಇಲ್ದಿದ್ದ ರೋಷ ಈಗ ಬಂತಾ?’ ಎಂದು ಎಲ್ಲರೆದುರು ಅಂದುಬಿಟ್ಟೆ. ಮಾರನೆಯ ದಿನ ನಿಮ್ಮಪ್ಪ ಟೋಪಿ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿಗೆ ಬಂದು ‘ತಪ್ಪಾಯ್ತು ಮಿಸ್, ಮಗು ಚಿಕ್ಕದು’ ಎಂದರು. ನಾನು ‘ಇರ್ಲಿ ಬಿಡಿ, ಬುದ್ಧಿ ಹೇಳಿ’ ಅಂದೆ. ಅಯ್ಯೋ, ಆ ಕ್ಷಮಾಪಣೆಯನ್ನು ನಾನು ಒಪ್ಪಿಕೊಂಡೆ ನೋಡು, ಅದೇ ನನ್ನನ್ನು ಇವತ್ತಿಗೂ ಕೊರೆಯುವುದು. ಹತ್ತನೇ ಕ್ಲಾಸು ಮುಗಿಸಿ ಊರಿಗೆ ಹೊರಟಾಗ ನೀನು ಎಲ್ಲ ಮಿಸ್‌ಗಳ ಕಾಲು ಮುಟ್ಟಿದೆ. ನನಗೆ ದೂರದಿಂದ ಕೈ ಮುಗಿದೆ.

ಹೋದ ವಾರ ಪೆನ್ಷನ್ನಿಗೆಂದು ಚಾಮರಾಜಪೇಟೆಯ ಬ್ಯಾಂಕಿಗೆ ಹೋದರೆ ಬಾಗಿಲಲ್ಲಿ ನಿಮ್ಮಪ್ಪ! ಕೂದಲೆಲ್ಲ ಬೆಳ್ಳಗಾಗಿದೆ. ನಾನು ಜನರ ಮಧ್ಯದಲ್ಲೇ ಕೈ ಮುಗಿದು, ‘ಅವತ್ತು ತಪ್ಪು ನಂದು, ನಾನು ಕೇಳ್ಬೇಕಿತ್ತು ಕ್ಷಮೆ’ ಅಂದೆ. ಅವರು ಗಾಬರಿಯಾಗಿ ತಮ್ಮ ಸ್ಟೂಲನ್ನೇ ನನ್ನ ಕಡೆ ತಳ್ಳಿದರು. ‘ಕೂತ್ಕೊಳಿ ಮಿಸ್. ನಮ್ಮೂರ ಸ್ಕೂಲಲ್ಲೂ ಹಿಂಗೇ ಹೇಳ್ಕೊಡ್ತಾರೆ, ನಮ್ಮಂಥ ಶೂರರು ಭೂಮಿ ಮೇಲೇ ಇಲ್ಲ ಅಂತ’ ಎಂದು ನಕ್ಕರು. ನನಗೆ ನಗುವೂ ಬಂತು, ಅಳುವೂ ಬಂತು. ಆಮೇಲೆ ಅವರು ಮೆಲ್ಲಗೆ, ‘ನಾನು ಮರ್ತೆ. ಮಗಳು ಮರ್ತಿಲ್ಲ, ಅವಳಿಗೆ ಬರೀರಿ’ ಎಂದು ಪೋಖರಾದ ವಿಳಾಸ ಕೊಟ್ಟರು. ನೀನೂ ಅಲ್ಲಿ ಮಿಸ್ ಆಗಿದ್ದೀಯಂತೆ. ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ?

ಕೋಪಿಲಾ, ನನ್ನನ್ನು ಕ್ಷಮಿಸು. ದೇಶದ ಮೇಲಿನ ಅಭಿಮಾನ ನನಗೇನೂ ಕಮ್ಮಿಯಾಗಿಲ್ಲ. ಈಗಲೂ ಜನಗಣಮನ ಕೇಳಿದರೆ ಮಂಡಿನೋವು ಮರೆತು ನೆಟ್ಟಗೆ ನಿಲ್ಲುತ್ತೇನೆ. ಆದರೆ ಅದಕ್ಕಾಗಿ ನಿಮ್ಮಪ್ಪನನ್ನು ಚಿಕ್ಕವರನ್ನಾಗಿ ಮಾಡಬೇಕಿರಲಿಲ್ಲ.

ನಿಮ್ಮ ದೇಶಕ್ಕೆ ಹೊಸ ರಾಷ್ಟ್ರಗೀತೆ ಬಂದಿದೆಯಂತೆ. ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನೂ ಸೇರಿಸಿ ಕಳಿಸುತ್ತೀಯಾ? ಈ ವಯಸ್ಸಿನಲ್ಲಿ ಬಾಯಿಪಾಠ ಕಷ್ಟ, ಆದರೂ ಹಟ ಹಿಡಿದು ಕಲಿಯುತ್ತೇನೆ. ಬಾಯಿಗೆ ಬಂದ ಮೇಲೆ ನಿಮ್ಮಪ್ಪನನ್ನು ಊಟಕ್ಕೆ ಕರೆದು, ನಮ್ಮ ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಅವರ ಮುಂದೆ ನಿಂತುಕೊಂಡು ಒಂದು ಸಾಲೂ ಬಿಡದೆ ಹೇಳುತ್ತೇನೆ.

ನೀನೂ ನಿನ್ನ ದೇಶವೂ ತಲೆಯೆತ್ತಿ, ನಗುನಗುತ್ತಾ ಬಾಳುವಂತಾಗಲಿ ಎಂದು ಹರಸುವ,
ನಿನ್ನ ಗಿರಿಜಾಂಬಾ ಮಿಸ್