ಹತ್ತನೆಯ ಹೆಸರು

ಅರ್ವಿಡ್,

ನೀನು ಸತ್ತ ಮೇಲಿನ ಮೊದಲ ಚಳಿಗಾಲಕ್ಕೇ ನನ್ನ ತರಗತಿ ರದ್ದಾಯಿತು, ಕೇಳು. ನಾನು ಜನವರಿಯಲ್ಲಿ ಮೂರು ವಾರ ಕಲಿಸುವ ಬೀಜಗಣಿತಕ್ಕೆ ಸೇರಿದವರು ಒಂಬತ್ತೇ ಜನ. ಹತ್ತಾಗದೆ ನಮ್ಮ ಕಮ್ಯುನಿಟಿ ಕಾಲೇಜು ಯಾವ ತರಗತಿಯನ್ನೂ ನಡೆಸುವುದಿಲ್ಲ. ಇವತ್ತು ಕಚೇರಿಗೆ ಹೋಗಿ ಗುಮಾಸ್ತೆ ಮಾರ್ವಳ ಮೇಲೆ ಹರಿಹಾಯ್ದೆ. "ಇಷ್ಟು ವರ್ಷ ಒಂದು ಸಲಾನೂ ಕಮ್ಮಿ ಆಗಿರ್ಲಿಲ್ವಲ್ಲ!"

"ಆಗ್ತಿತ್ತು ಇಂಗ್ರಿಡ್," ಅಂದಳು. "ನಿಮ್ಮ ಯಜಮಾನ್ರು ಹೆಸರು ನೋಂದಾಯಿಸೋ ಕೊನೇ ದಿನ ಬಂದು ಎಷ್ಟು ಜನ ಅಂತ ಕೇಳೋರು. ಹನ್ನೆರಡು ಅಂದ್ರೆ ಹಾಗೇ ವಾಪಸ್ ಹೋಗೋರು. ಒಂಬತ್ತು ಅಂದ್ರೆ ತಮ್ಮ ಹೆಸರು ಬರೆಸೋರು. ಅವಳಿಗೆ ಹೇಳ್ಬೇಡ ಅಂತಿದ್ರು."

ಎಂಥ ಮನುಷ್ಯನಪ್ಪಾ ನೀನು! ನನ್ನನ್ನು ರೇಗಿಸಲೆಂದೇ ತರಗತಿಗೆ ಬರುತ್ತೀಯ ಅಂದುಕೊಂಡಿದ್ದೆ. ನಸುಕಿಗೇ ಎದ್ದು ನಮ್ಮೂರು ಡುಲೂತಿನ ರಸ್ತೆಗಳ ಹಿಮವನ್ನೆಲ್ಲ ನಗರಸಭೆಯ ಲಾರಿಯಲ್ಲಿ ತಳ್ಳಿ, ಒದ್ದೆ ಬೂಟಿನಲ್ಲೇ ಬಂದು, ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದೆ. ನಾನು ಎಲ್ಲರೆದುರು ನಿನಗೆ ಉಗಿದೆ. ನೀನು ನಾಲ್ಕು ಚಳಿಗಾಲ ಬಂದೆ, ನಾನು ನಾಲ್ಕು ಸಲವೂ ಫೇಲ್ ಮಾಡಿದೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆ ಫಲಿತಾಂಶ ತಿದ್ದಬಹುದಾ ಎಂದು ಮಾರ್ವಳನ್ನು ಕೇಳಿದೆ. ಒಂದು ಅರ್ಜಿ ಕೊಟ್ಟಳು. ಮನೆಗೆ ಬಂದು ಎಲ್ಲವನ್ನೂ ತುಂಬಿದೆ.

ಕೊನೆಯ ಸಾಲಿನಲ್ಲಿ ವಿದ್ಯಾರ್ಥಿಯ ಸಹಿ ಬೇಕಂತೆ.