ಕೂರದ ತಿರುಪು

ಮನೆ, ಹೊಲಿಗೆ ಕೋಣೆ
ಸೋಮವಾರ, 9 ಮಾರ್ಚ್

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯೋ? ಕೆಮ್ಮು ನಿಂತಿತೇ? ಹೋದ ಸಲ ಜೈಲಿನ ಜಾಲರಿಯ ಆಚೆ ನಿಂತು ನೀನು ಆಡಿದ ಮಾತಿಗಿಂತ ಕೆಮ್ಮಿದ್ದೇ ಹೆಚ್ಚು. ಕೊಟ್ಟು ಕಳಿಸಿದ ಉಣ್ಣೆಯ ಬನಿಯನ್ ನಿನ್ನ ಕೈಸೇರಿತೋ, ಇಲ್ಲಾ ಯಾರಾದರೂ ಪುಣ್ಯಾತ್ಮರು ಅದನ್ನು ಹಾಕಿಕೊಂಡು ಬೆಚ್ಚಗಿದ್ದಾರೋ, ಬರೆದು ತಿಳಿಸು. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನೀನಿಲ್ಲದ ಮೇಲೆ ಬೈಯಲು ನಾನೊಬ್ಬಳೇ ಸಿಗುವುದರಿಂದ ನಿನ್ನ ಪಾಲಿನದೂ ನನಗೇ ಬರುತ್ತಿದೆ. ನೀನು ಬಂದ ಮೇಲೆ ಎಲ್ಲ ಸೇರಿಸಿ ವಾಪಸ್ ಕೊಡುತ್ತೇನೆ.

ನಿನ್ನ ಕಾಗದ ಬಂತು. 'ಅಕ್ಕಾ, ನಾನೇ ತಗೊಂಡೆ ಅಂತ ಒಪ್ಕೊಂಡುಬಿಡ್ತೀನಿ, ಎಲ್ಲಾ ಮುಗಿದುಹೋಗ್ಲಿ' ಎಂದು ಬರೆದಿದ್ದೀಯಲ್ಲ, ಓದಿದ ಕೂಡಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಸೋಫಾ ಬಟ್ಟೆಯನ್ನು ಉಲ್ಟಾ ಕತ್ತರಿಸಿಬಿಟ್ಟೆ. ಮುಗಿಯುವುದು ಏನು? ನಾಳೆಯಿಂದ ಬೀದಿಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ? ಅಮ್ಮನೂ ನಿನ್ನ ಹಾಗೇ ರಾಗ ಎಳೆಯುತ್ತಿದ್ದಾಳೆ. 'ಒಂದು ತಪ್ಪಾಯ್ತು ಅಂದ್ರೆ ನಾಲಿಗೆ ಸವೆದುಹೋಗುತ್ತಾ? ಹುಡುಗ ಮನೆಗೆ ಬಂದ್ರೆ ಸಾಕು' ಎಂದು ಬೆಳಗ್ಗೆ ಎದ್ದರೆ ಅದೇ ಮಾತು. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಆಗುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ಗೋಡೆಗಳ ಮಧ್ಯೆ ಕೂತೂ ಕೂತೂ ನಿನಗೆ ನಿನ್ನ ಮೇಲೇ ಅನುಮಾನ ಬಂದಂತಿದೆ. ಪೊಲೀಸರು ನಿನ್ನ ಮಂಚದ ಮೇಲಿಂದ ಎತ್ತಿಕೊಂಡು ಹೋದ, ಪೂಲ್ ಆಡುವ ಆ ಕ್ಯೂ ಕೋಲು ನನ್ನದು. ಭಾನುವಾರದ ಹಳೇ ಸಾಮಾನಿನ ಬೀದಿಯಲ್ಲಿ ಮುರಿದ ಛತ್ರಿ, ಪರದೆ ಕಂಬಿಗಳ ರಾಶಿಯೊಳಗಿಂದ ಎಳೆದು ತಂದವಳು ನಾನು. ಅದರ ಮೈಗೆಲ್ಲ ಯಾರೋ ಬಾಗಿಲಿಗೆ ಬಳಿದು ಮಿಕ್ಕ ಕಂದು ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದೆ. ಕೆಳಗೆ ಕರಿಮರದ ಒಂದು ಮೊನೆ ಕಂಡಿತು, ಸೂಜಿಯ ಹಾಗೆ ಚೂಪಾಗಿ ಕೊನೆಯಾಗಿತ್ತು. ಕೂಡಲೇ ಗುರುತು ಹಿಡಿದುಬಿಟ್ಟೆ ನೋಡು! ಹಳೇ ಕೆಲಸಗಾರರು ಕರಿಮರವನ್ನೂ ಬಿಳಿಮರವನ್ನೂ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿಸಿ ಹಿಡಿ ಮಾಡುತ್ತಿದ್ದರು, ಯಂತ್ರ ಕೊರೆದದ್ದಾದರೆ ಮೊನೆ ದುಂಡಗಿರುತ್ತದೆ, ಬರೀ ಚಿತ್ರ ಅಂಟಿಸಿದ್ದಾದರೆ ಅಂಚು ಉಗುರಿಗೆ ಸಿಗುತ್ತದೆ ಎಂದು ಹೇಳಿಕೊಟ್ಟವನು ನೀನೇ ಅಲ್ಲವೇ? ನೀನು ಕೆಲಸಕ್ಕಿದ್ದ ಮಾಲೀಕರ ಪೂಲ್ ಹಾಲ್‌ಗೆ ನಾನು ಹೋಗುತ್ತಿದ್ದದ್ದು ಟೇಬಲ್ಲುಗಳಿಗೆ ಹಸಿರು ಬಟ್ಟೆ ಎಳೆದು ಬಿಗಿಯಲಿಕ್ಕೆ. ಮೂಲೆಯ ಕೋಣೆಯಲ್ಲಿ ನೀನು ಕೋಲುಗಳ ತುದಿಗೆ ಚರ್ಮ ಅಂಟಿಸುತ್ತ, ಸೊಟ್ಟಗಾದವನ್ನು ನೆಟ್ಟಗೆ ಮಾಡುತ್ತ ಕೂತಿರುತ್ತಿದ್ದೆ. ಅಲ್ಲಿ ಹತ್ತಿದ ಹುಚ್ಚು ಇದು. ಈಗ ನನ್ನ ಬೀರುವಿನಲ್ಲಿ ಬಟ್ಟೆಗಿಂತ ಕೋಲುಗಳೇ ಜಾಸ್ತಿ. 'ಗಂಡನ್ನ ಕಟ್ಕೊ ಅಂದ್ರೆ ಕೋಲು ಕಟ್ಕೊಂಡು ಕೂತಳು' ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ಕೋಲು ಯಾವತ್ತೂ ನನ್ನನ್ನು 'ಊಟ ಎಲ್ಲಿ' ಎಂದು ಕೇಳಿಲ್ಲ.

ಮಾಲೀಕರ ತಂದೆಯವರ ಕ್ಯೂ ಗಾಜಿನ ಪೆಟ್ಟಿಗೆಯಿಂದ ಕಾಣೆಯಾದದ್ದು ನಿಜ. ಕೋಲಿಗೆ ಎಣ್ಣೆ ಹಚ್ಚಲೆಂದು ಆ ಪೆಟ್ಟಿಗೆಯ ಬೀಗದ ಕೈ ನಿನ್ನ ಹತ್ತಿರ ಇದ್ದದ್ದೂ ನಿಜ. ನಮ್ಮ ಮನೆಗೆ ಬಂದ ಇನ್‌ಸ್ಪೆಕ್ಟರಿಗೆ ನಾಲ್ಕು ಕರಿ ಮೊನೆ, ಒಂದು ಬಿಳಿ ಉಂಗುರ ಇರುವ ಕೋಲು ಸಿಕ್ಕಿತು, ಅಲ್ಲಿಗೆ ಕತೆ ಮುಗಿಯಿತು. ಅದರ ಬಾಗು ತೆಗೆಯಲು ನಾನೇ ನಿನಗೆ ಕೊಟ್ಟಿದ್ದು ಎಂದು ಎಷ್ಟು ಬಡಿದುಕೊಂಡೆ! 'ಹೆಂಗಸರಿಗೆ ಇದೆಲ್ಲ ಯಾಕಮ್ಮಾ? ತಮ್ಮನ್ನ ಉಳಿಸ್ಕೊಳ್ಳೋಕೆ ಹೇಳ್ತಿದ್ದೀರ' ಎಂದು ನಕ್ಕ. ಬೀರು ತೆಗೆದು ಎಲ್ಲವನ್ನೂ ತೋರಿಸಿದೆ. 'ಬಟ್ಟೆ ಒಣಗಿಸೋಕೆ ಇಟ್ಕೊಂಡಿದ್ದೀರಾ?' ಎಂದ. ನಿನ್ನನ್ನು ಕರೆದುಕೊಂಡು ಹೋದ ಆ ಹೊತ್ತಿಗಿಂತ ಈ ನಗು ನನ್ನನ್ನು ಹೆಚ್ಚು ಚುಚ್ಚಿತು ಎಂದರೆ ತಪ್ಪು ತಿಳಿಯಬೇಡ. ಅಳು ಬರಬೇಕಾದ ಜಾಗದಲ್ಲಿ ಹಟ ಬಂತು. ಒಳ್ಳೆಯದೇ ಆಯಿತು.

ಈಗ ಶುಕ್ರವಾರದ ಸುದ್ದಿ. ನಮ್ಮ ವಕೀಲಮ್ಮ ಅರ್ಜಿ ಹಾಕಿ, ವಶಪಡಿಸಿಕೊಂಡ ಕೋಲನ್ನು ನ್ಯಾಯಾಧೀಶರ ಕೊಠಡಿಯಲ್ಲೇ ಎಲ್ಲರ ಮುಂದೆ ಬಿಚ್ಚಿ ನೋಡಲು ಅಪ್ಪಣೆ ತಂದಿದ್ದರು. ಜೊತೆಗೆ, ಕಳೆದುಹೋದ ಕ್ಯೂಗೆ ಸಂಬಂಧಪಟ್ಟದ್ದು ಏನೇ ಉಳಿದಿದ್ದರೂ ಮಾಲೀಕರು ತರಬೇಕು ಎಂದು ಬರೆಸಿದ್ದರು. ಅದು ನನ್ನ ಸಲಹೆ. ಟೇಬಲ್ಲಿಗೆ ಬಟ್ಟೆ ಹಾಕುವಾಗ ಆ ಗಾಜಿನ ಪೆಟ್ಟಿಗೆಯನ್ನು ನಾನು ಕಣ್ತುಂಬ ನೋಡಿದ್ದೆನಲ್ಲ, ಒಂದು ಹಿಡಿಗೆ, ತಿರುಪಿನಿಂದ ಸೇರಿಸಿ ಬಿಚ್ಚುವಂಥ ಎರಡು ಮುಂಭಾಗ ಇದ್ದವು. ಕಳ್ಳ ಯಾರೋ, ಹಿಡಿಯನ್ನೂ ಅದಕ್ಕೆ ಸಿಕ್ಕಿಸಿದ್ದ ಮುಂಭಾಗವನ್ನೂ ಒಯ್ದಿದ್ದ. ಹೆಚ್ಚುವರಿ ಮುಂಭಾಗ ಪೆಟ್ಟಿಗೆಯಲ್ಲೇ ಉಳಿದಿತ್ತು.

ಮಾಲೀಕರು ಅದನ್ನು ವೆಲ್ವೆಟ್ ಚೀಲದಲ್ಲಿ ತಂದಿದ್ದರು. ತಂದೆಯವರ ಫೋಟೋ ಕೂಡ ತಂದಿದ್ದರು, ಕೋಲು ಹಿಡಿದು ನಿಂತದ್ದು. ಸುಳ್ಳು ಯಾಕೆ ಹೇಳಲಿ, ಫೋಟೋವನ್ನು ನಾನು ಎರಡೆರಡು ಸಲ ನೋಡಿದೆ. ಅದೇ ನಾಲ್ಕು ಮೊನೆ, ಅದೇ ಬಿಳಿ ಉಂಗುರ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರೇ ಇರಬೇಕು. ಮಾಲೀಕರು ನನ್ನ ಕೋಲನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. 'ಇದೇ ಸಾರ್. ಇದರಲ್ಲಿ ನಮ್ಮಪ್ಪನ ಕೈ ವಾಸನೆ ಇದೆ' ಎಂದರು. ನಾನು ವಾರವಿಡೀ ಟರ್ಪೆಂಟೈನ್ ಹಾಕಿ ತಿಕ್ಕಿದ ಕೋಲು! ಅವರ ಅಪ್ಪ ಟರ್ಪೆಂಟೈನ್ ಕುಡಿಯುತ್ತಿದ್ದರೇನೋ ನನಗೆ ಗೊತ್ತಿಲ್ಲ. ಆದರೆ ಆ ಮನುಷ್ಯನ ಕಣ್ಣಲ್ಲಿ ನೀರಿತ್ತು ತಮ್ಮಯ್ಯಾ. ನಾಟಕ ಆಡುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಸುಳ್ಳುಗಾರನನ್ನಾದರೆ ಸಿಕ್ಕಿಸಬಹುದು, ನಂಬಿಕೊಂಡವನನ್ನು ಏನು ಮಾಡುವುದು?

ಮಾತಾಡಲು ನ್ಯಾಯಾಧೀಶರ ಅಪ್ಪಣೆ ಕೇಳಿದೆ. 'ಹೇಳಿ' ಎಂದರು. 'ಸಾರ್, ನಿಮ್ಮ ತಂದೆಯವರ ಕೋಲಿನ ಉಂಗುರ ಯಾವುದರದು?' ಎಂದು ಮಾಲೀಕರನ್ನು ಕೇಳಿದೆ. 'ಆನೆದಂತ. ಇಡೀ ಊರಿಗೇ ಗೊತ್ತು' ಎಂದರು. ಕಿಟಕಿಯ ಬೆಳಕಿಗೆ ನನ್ನ ಕೋಲು ಹಿಡಿದು ತೋರಿಸಿದೆ. ಉಂಗುರದ ತುಂಬ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕರಿ ಚುಕ್ಕಿ. 'ದಂತದಲ್ಲಿ ಹೀಗೆ ಚುಕ್ಕಿ ಇರೋದಿಲ್ಲ. ಇದು ಮೂಳೆ. ಇದೇ ನಿಮ್ಮ ಕೋಲು ಅಂದ್ರೆ, ನಿಮ್ಮ ತಂದೆಯವರು ಇಷ್ಟು ವರ್ಷ ಮೂಳೆಯನ್ನ ದಂತ ಅಂತ ತೋರಿಸ್ತಿದ್ರು ಅಂತ ಒಪ್ಕೊಬೇಕಾಗುತ್ತೆ' ಎಂದೆ. ವಕೀಲಮ್ಮ ಕೆಮ್ಮುವ ನೆಪದಲ್ಲಿ ನಗು ನುಂಗಿದರು. ಮಾಲೀಕರು ಕೆಂಪಗಾದರು. 'ಚುಕ್ಕಿ ಗಿಕ್ಕಿ ಎಲ್ಲ ಕೊಳೆ ಇರ್ಬೋದು' ಎಂದರು. ಇರಬಹುದು. ಚುಕ್ಕಿಯ ಮೇಲೆ ವಾದ ನಡೆದರೆ ಇನ್ನೊಬ್ಬ ತಜ್ಞ, ಇನ್ನೊಂದು ತಾರೀಖು ಎಂದು ನಿನ್ನನ್ನು ಅಲ್ಲೇ ಕೊಳೆಸುತ್ತಾರೆಂದು ನನಗೂ ಗೊತ್ತಿತ್ತು. ಅದಕ್ಕೇ ಕೇಳಿದೆ: 'ಹಾಗಾದ್ರೆ ನೀವು ತಂದಿರೋ ಮುಂಭಾಗವನ್ನ ನೀವೇ ಇದಕ್ಕೆ ಸೇರಿಸಿ ತೋರಿಸಿ. ನಾನು ಮುಟ್ಟೋದಿಲ್ಲ.'

ನನ್ನ ಕೋಲಿನ ಮುಂಭಾಗ ಬಿಚ್ಚಿ ಪಕ್ಕಕ್ಕಿಟ್ಟು, ತಮ್ಮದನ್ನು ಸೇರಿಸಲು ಹೋದರು. ನನ್ನ ಹಿಡಿಯಿಂದ ಹೊರಗೆ ಚಾಚಿಕೊಂಡಿರುವ ಹಿತ್ತಾಳೆ ತಿರುಪು ದಪ್ಪ, ಅದರ ಸುತ್ತುಗಳು ಅಗಲ ಅಗಲ. ಅವರ ಮುಂಭಾಗದ ತೂತು ಸಣ್ಣದು, ಒಳಗೆ ನೂಲಿನ ಹಾಗೆ ನಯವಾದ ಸುತ್ತು. ತುದಿಯಲ್ಲೇ ನಿಂತುಬಿಟ್ಟಿತು. ಓರೆ ಹಿಡಿದರು, ನೇರ ಹಿಡಿದರು, ಉಸಿರು ಬಿಗಿಹಿಡಿದು ತಿರುಗಿಸಿದರು. ಗೋಡೆ ಪಕ್ಕ ನಿಂತಿದ್ದ ಇನ್‌ಸ್ಪೆಕ್ಟರ್ ತನ್ನ ಬೂಟನ್ನು ನೋಡಿಕೊಳ್ಳುತ್ತಿದ್ದ. ಕೊನೆಗೆ ಮರ ಕಿರ್ರೆಂದಾಗ ನ್ಯಾಯಾಧೀಶರೇ, 'ಬಿಡಿ, ಸಾಕು. ನಿಮ್ಮ ತಂದೆಯವರದ್ದು ಉಳಿದಿರೋದು ಅದೊಂದೇ' ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ನನಗೂ ಒಂದು ಕ್ಷಣ ಆ ಮನುಷ್ಯನ ಮೇಲೆ ಕನಿಕರ ಬಂತು. ಕನಿಕರ ಬಂತು, ಹೋಯಿತು. ಅಪ್ಪನ ನೆನಪು ಎಷ್ಟೇ ದೊಡ್ಡದಿರಲಿ, ಅದಕ್ಕೆ ನನ್ನ ತಮ್ಮನನ್ನು ಬಲಿ ಕೊಡಲು ಯಾರ ಅಪ್ಪಣೆಯೂ ಇಲ್ಲ.

ಕಂಡದ್ದನ್ನೆಲ್ಲ ಬರೆಸಿಕೊಂಡಿದ್ದಾರೆ. ಗುರುವಾರ ನಿನ್ನನ್ನು ಕರೆಸುತ್ತಾರೆ. ಬಿಡುಗಡೆ ಆಗುವ ಸಾಧ್ಯತೆಯೇ ಹೆಚ್ಚು ಎನ್ನುತ್ತಾರೆ ವಕೀಲಮ್ಮ. ಆದರೆ ಮೆಟ್ಟಿಲಿಳಿಯುವಾಗ ಮಾಲೀಕರು ನನ್ನ ಪಕ್ಕಕ್ಕೆ ಬಂದು, 'ಕೋಲು ಬೇರೆ ಇರ್ಬೋದು, ಕದ್ದವನು ಅವನೇ. ನಾಳೆಯಿಂದ ನೀನು ಹಾಲ್ ಕಡೆ ಬರ್ಬೇಡ' ಎಂದರು. ನಾನು ಅಲ್ಲಿಂದ ನೇರ ಹಾಲ್‌ಗೇ ಹೋದೆ. ಒಂದು ಟೇಬಲ್ಲಿಗೆ ಅರ್ಧ ಬಟ್ಟೆ ಬಿಗಿದು ಬಿಟ್ಟಿದ್ದೆನಲ್ಲ, ನನ್ನ ಸುತ್ತಿಗೆ, ಕತ್ತರಿ, ಮೊಳೆ ಡಬ್ಬಿ ಎತ್ತಿಕೊಂಡು ಇನ್ನರ್ಧವನ್ನು ಹಾಗೇ ಜೋತಾಡಲು ಬಿಟ್ಟು ಬಂದೆ. ಆಡುತ್ತಿದ್ದವರೆಲ್ಲ ಆಟ ನಿಲ್ಲಿಸಿ ನೋಡಿದರು. ನೋಡಲಿ. ಸೋಫಾ ಇರುವ ಮನೆಗಳು ಊರ ತುಂಬ ಇವೆ. ನಿನ್ನೆ ಭಾನುವಾರ ಮತ್ತೆ ಹಳೇ ಸಾಮಾನಿನ ಬೀದಿಗೆ ಹೋಗಿ ಇನ್ನೊಂದು ಕೋಲು ತಂದೆ. ಹಿಡಿಗೆ ಸುತ್ತಿದ್ದ ನೂಲೆಲ್ಲ ಕಿತ್ತುಹೋಗಿದೆ, ಮುಂಭಾಗ ಬಾಳೆಹಣ್ಣಿನ ಹಾಗೆ ಬಾಗಿದೆ. ಅದನ್ನು ಹೆಗಲ ಮೇಲಿಟ್ಟುಕೊಂಡು ಪೊಲೀಸ್ ಠಾಣೆಯ ಮುಂದಿನ ದಾರಿಯಲ್ಲೇ ನಡೆದು ಬಂದೆ. ಬೇರೆ ದಾರಿ ಇತ್ತು. ಬೇಕೆಂದೇ ಹಿಡಿಯಲಿಲ್ಲ.

ಆದ್ದರಿಂದ, ನನ್ನಪ್ಪಾ, ಒಪ್ಪಿಕೊಳ್ಳುವ ಮಾತು ಇನ್ನು ಎತ್ತಬೇಡ. ಅವರ ಕ್ಯೂ ಎಲ್ಲಿ ಹೋಯಿತೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಹುಡುಕುವ ಕೆಲಸ ಇನ್‌ಸ್ಪೆಕ್ಟರದು, ಬೂಟು ನೋಡಿಕೊಂಡದ್ದು ಸಾಕು, ಇನ್ನು ಹುಡುಕಲಿ. ಗುರುವಾರ ಗಡ್ಡ ತೆಗೆದು, ತಲೆ ಬಾಚಿಕೊಂಡು ಬಾ. ತಲೆ ತಗ್ಗಿಸಿ ನಿಂತರೆ ಅಲ್ಲೇ ಎಲ್ಲರ ಮುಂದೆ ಕಿವಿ ಹಿಂಡುತ್ತೇನೆ. ಹೊಟ್ಟೆ ತುಂಬ ಊಟ ಮಾಡು, ನೀರು ಬಿಸಿ ಸಿಕ್ಕರೆ ಮಾತ್ರ ಸ್ನಾನ ಮಾಡು. ಜೈಲಿನ ಕೋಣೆಯಲ್ಲಿ ನಿನ್ನ ಜೊತೆಯಲ್ಲಿರುವ ಆ ವಯಸ್ಸಾದ ಚಾಲಕರಿಗೆ ನನ್ನ ನಮಸ್ಕಾರ ಹೇಳು. ನೀನು ನೂರು ಕಾಲ ಚೆನ್ನಾಗಿರು.

ಇಂತಿ ನಿನ್ನ ಮೇಲೆ ಸಿಟ್ಟೂ ಪ್ರೀತಿಯೂ ಒಟ್ಟೊಟ್ಟಿಗೇ ಇರುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಮಾಲೀಕರ ಕಡೆಯ ಗುಮಾಸ್ತ ಬಾಗಿಲಿಗೆ ಬಂದ, ಅದಕ್ಕೇ ಅವಸರದಲ್ಲಿ ಇಷ್ಟು. ರಾಜಿ ಪತ್ರ ತಂದಿದ್ದ. ನೀನು ಸಹಿ ಹಾಕಿದರೆ ಗುರುವಾರಕ್ಕೂ ಕಾಯಬೇಕಿಲ್ಲವಂತೆ, ದೂರು ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ನಾಳೆ ಅದನ್ನೇ ಹಿಡಿದು ನಿನ್ನ ಹತ್ತಿರ ಬರುತ್ತಾರೆ. ಅದಕ್ಕೆ ಮುಂಚೆ ಅಮ್ಮ ನಿನಗೆ ಎರಡು ಸಾಲು ಬುದ್ಧಿ ಹೇಳಿ ಬರೆದುಕೊಡಲಿ ಎಂದು ಬಂದಿದ್ದ. ಅಮ್ಮ ಕಾಗದ ಕಸಿದುಕೊಂಡಾಗ, ಬರೆದುಕೊಟ್ಟೇಬಿಡುತ್ತಾಳೆ ಎಂದುಕೊಂಡೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು. 'ನಾನು ಮಾಡಿದ ಕಳ್ಳತನವನ್ನು ಮನ್ನಿಸಿ' ಎಂಬಲ್ಲಿಗೆ ಬಂದದ್ದೇ, ಬೆರಳು ಅಲ್ಲೇ ನಿಂತಿತು. ಕಾಗದ ಮಡಿಸಿ ಅವನ ಜೇಬಿಗೇ ತುರುಕಿ ಬಾಗಿಲು ಹಾಕಿದಳು. ಅವರಿಗಿಂತ ಮುಂಚೆ ನಿನಗೆ ಸಿಗಲೆಂದು ಈ ಕಾಗದವನ್ನು ವಕೀಲಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಸಹಿ ಮಾಡಬೇಡ. ಪೆನ್ನು ಕೊಟ್ಟರೆ ಕೈಯಲ್ಲೂ ಹಿಡಿಯಬೇಡ. ಕೆಳಗಿನದು ಅಮ್ಮನ ಕೈಬರಹ, ನನ್ನ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ:

ಮಗಾ, ಮಾಡದೆ ಇರೋದನ್ನ ಮಾಡಿದೆ ಅಂತ ಬರ್ಕೊಟ್ಟು ನಾಳೆನೇ ಬರ್ಬೇಡ. ಗುರುವಾರ ಬಾ. ನಾನೂ ಬರ್ತೀನಿ ಕೋರ್ಟಿಗೆ, ಮಂಡಿ ಹೋದ್ರೆ ಹೋಗ್ಲಿ. ಅಮ್ಮ.