ದೊರೆಗೆ ಮೊದಲು ಹಾಲು, ಆಮೇಲೆ ಸೂಜಿ

ಬಂಗಾರಪೇಟೆ
೧೯-೧೧-೧೯೬೧

ನನ್ನ ಕಂದ ಕದಿರಮ್ಮನಿಗೆ,

ಹೆತ್ತವಳ ತುಂಬು ಮನಸ್ಸಿನ ಹಾರೈಕೆ. ಮಗುವಿಗೆ ಎದ್ದಿದ್ದ ದಡಾರ ಇಳಿಯಿತು, ಬೇವಿನ ನೀರು ಎರೆದಿರಿ ಎಂದು ಚಿಕ್ಕಮುನಿಯಪ್ಪ ಹೇಳಿದ. ದಿನವೂ ಮಾರಿಕುಪ್ಪಂ ಗಾಡಿಯಲ್ಲಿ ಗಣಿಗೆ ಹೋಗಿಬರುವ ಅವನು ನಮ್ಮ ಬೀದಿಯಲ್ಲೇ ಇರುವುದರಿಂದ ಊರಿಗಾಮಿನ ನಿಮ್ಮ ಸುದ್ದಿಯೆಲ್ಲ ನನಗೆ ಬಿಸಿಬಿಸಿಯಾಗಿ ತಲುಪುತ್ತದೆ. ನಿಮ್ಮಪ್ಪನ ವರ್ಷದ ತಿಥಿಗೆ ಬರಲಾಗಲಿಲ್ಲವೆಂದು ಕೊರಗಬೇಡ. ಮನೆಯಲ್ಲಿ ಅಮ್ಮ ಬಂದಿರುವಾಗ ಹೊಸ್ತಿಲು ದಾಟುವ ಹಾಗಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇ?

ನಾನು ಕೆಲವು ದಿನ ಬೆಂಗಳೂರಿಗೆ, ನಿನ್ನ ಚಿಕ್ಕಮ್ಮ ನರಸಮ್ಮನ ಮನೆಗೆ ಹೋಗಿಬರಬೇಕೆಂದಿದ್ದೇನೆ. ಅವಳನ್ನು ನೋಡಿ ಬಹಳ ಕಾಲವಾಯಿತು. ಬರುವ ಭಾನುವಾರ ನೀನು ಬಂದು ದೊರೆಯನ್ನು ಕರೆದುಕೊಂಡು ಹೋಗಬೇಕು. ಬೆಕ್ಕಿಗೂ ಸಕ್ಕರೆ ಕಾಯಿಲೆ, ಬೆಕ್ಕಿಗೂ ಸೂಜಿ ಎಂದರೆ ಅಳಿಯಂದಿರು ನಕ್ಕರಂತೆ. ನಗಲಿ. ಇಲ್ಲಿಯ ದನದ ಡಾಕ್ಟರೂ ಮೊದಲು ನಕ್ಕವರೇ.

ಅದನ್ನು ಮರಿಯಾಗಿ ಕೋರಮಂಡಲ್ ಗಣಿಯಿಂದ ಊಟದ ಚೀಲದಲ್ಲಿಟ್ಟು ತಂದವರು ನಿಮ್ಮಪ್ಪ. ಕಂಪನಿ ದೊರೆಗಳ ಹಾಗೆ ಕಾಲು ಚಾಚಿಕೊಂಡು ಮಲಗುತ್ತದೆ, ಕೆಲಸ ಮಾತ್ರ ಕೇಳಬೇಡ ಎಂದು ಹೆಸರಿಟ್ಟವರೂ ಅವರೇ. ತಟ್ಟೆಯ ಮುಂದೆ ಕೂತರೆ ದೊರೆಗೆ ಒಂದು ತುತ್ತು ಹಾಕದೆ ತಾವು ಬಾಯಿಗಿಟ್ಟವರಲ್ಲ. ಗಣಿಯ ಧೂಳು ಎದೆಯಲ್ಲಿ ಕೂತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿಯೇ ಕಳೆದ ಆ ಕೊನೆಯ ದಿನಗಳಲ್ಲಿ ಅದು ಅವರ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಅವರು ಹೋದ ಬೆಳಿಗ್ಗೆ ಅದನ್ನು ಎತ್ತಿ ಕೆಳಗಿಟ್ಟವಳು ನಾನು. ಅವರ ಕೈಕಾಲೆಲ್ಲ ತಣ್ಣಗಾಗಿತ್ತು ಕದಿರಾ, ಬೆಕ್ಕು ಮಲಗಿದ್ದ ಕಡೆ ಪಂಚೆ ಮಾತ್ರ ಇನ್ನೂ ಬೆಚ್ಚಗಿತ್ತು. ನಾನು ಅಲ್ಲೇ ಕೈಯಿಟ್ಟುಕೊಂಡು ಕೂತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಶ್ರಾವಣದಲ್ಲಿ ಅದರ ಹಿಂಗಾಲಿನ ಗಡ್ಡೆ ಕೊಳೆಯತೊಡಗಿತು. ಡಾಕ್ಟರು ಕೊಯ್ದು ತೆಗೆದು ಹೊಲಿಗೆ ಹಾಕಿದರು. ಹೊಲಿಗೆ ಬಿಟ್ಟುಕೊಂಡಿತು. ಮತ್ತೆ ಹಾಕಿದರು, ಮತ್ತೆ ಬಿಟ್ಟಿತು. ಆ ಹೊತ್ತಿಗೆ ಹಿತ್ತಲ ಬೂದಿಗುಂಡಿಯಲ್ಲಿ ಅದು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ನನ್ನ ಕಾಯಿಲೆ ಗೊತ್ತಾದದ್ದೂ ಹಾಗೆಯೇ ಅಲ್ಲವೇ? ನಮ್ಮಿಬ್ಬರದೂ ಒಂದೇ ರೋಗವೆಂದು ತಿಳಿದಾಗ ಅಳುವ ಬದಲು ನಗು ಬಂತು. ಸಕ್ಕರೆ ಇಳಿಯದೆ ಗಾಯ ಕೂಡುವುದಿಲ್ಲ ಎಂದು ಡಾಕ್ಟರು ನನ್ನ ಸೀಸೆಯ ಔಷಧಿಯನ್ನೇ ಅದಕ್ಕೂ ಹಾಕಲು ಹೇಳಿ, ಸೂಜಿಯಲ್ಲಿ ಎಷ್ಟು ಗೆರೆ ಎಂದು ತೋರಿಸಿಕೊಟ್ಟರು. ಅಲ್ಲಿಗೆ ಕೆಂಪು ದಾರ ಸುತ್ತಿದ್ದೇನೆ, ಅದನ್ನು ಮೀರಬೇಡ. ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿಡು. ಕತ್ತಿನ ಹಿಂದಿನ ತೊಗಲು ಎತ್ತಿ ಹಾಕಿದರೆ ಅದಕ್ಕೆ ತಿಳಿಯುವುದೂ ಇಲ್ಲ. ಉಚ್ಚೆಯನ್ನು ತಗಡಿನ ತಟ್ಟೆಯಲ್ಲಿ ಹಿಡಿದು, ನೀಲಿ ಔಷಧಿಯ ಜೊತೆ ಗಾಜಿನ ಕೊಳವೆಯಲ್ಲಿ ಕಾಯಿಸು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಬಹಳ.

ಇದೆಲ್ಲಕ್ಕಿಂತ ಮುಖ್ಯ, ಮೊದಲು ಹಾಲು, ಆಮೇಲೆ ಸೂಜಿ. ಇದನ್ನು ನಾನು ತಿಥಿಯ ದಿನ ಕಲಿತೆ.

ಅವತ್ತು ಬೆಳಿಗ್ಗೆ ಅಭ್ಯಾಸದ ಮೇಲೆ ದೊರೆಗೆ ಸೂಜಿ ಹಾಕಿಬಿಟ್ಟೆ. ಹಾಲಿಗೆ ಕೈಹಾಕುವಾಗ ನಿನ್ನ ದೊಡ್ಡತ್ತೆ ಮುತ್ಯಾಲಮ್ಮ ತಡೆದರು. ಕಾಗೆ ಎಡೆ ಮುಟ್ಟುವ ತನಕ ಮನೆಯಲ್ಲಿ ಯಾರ ಬಾಯಿಗೂ ಏನೂ ಹೋಗಬಾರದು, ಬೆಕ್ಕಾದರೂ ಅಷ್ಟೇ ಎಂದರು. ಸತ್ತ ತಮ್ಮನಿಗೆ ಅಡುಗೆ ಮಾಡಿಸಲು ಬಂದ ಅಕ್ಕ ಎಂದು ನಾನು ಎದುರಾಡಲಿಲ್ಲ. ನಿಮ್ಮಪ್ಪನಿಗೆ ಇಷ್ಟವೆಂದು ಬೆಲ್ಲದ ಪಾಯಸ ಮಾಡಿ, ಎಲೆ ತುಂಬ ಬಡಿಸಿ ಹಿತ್ತಲ ಗೋಡೆಯ ಮೇಲಿಟ್ಟೆವು. ಕಾಗೆ ಬರಲಿಲ್ಲ. ಕರೆದು ಕರೆದು ಗಂಟಲು ಕಟ್ಟಿತು, ಬಿಸಿಲು ನೆತ್ತಿಗೆ ಬಂತು, ಒಂದು ಕಾಗೆಯ ಸುಳಿವೂ ಇಲ್ಲ. ಅವರಿಗೆ ನನ್ನ ಮೇಲೆ ಏನು ಕೋಪವೋ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ.

ಆಗ ದೊರೆ ಗೋಡೆಯ ಬುಡದಲ್ಲಿ ತೂರಾಡಿ ಬಿತ್ತು. ಕಾಲು ಸೆಟೆದುಕೊಂಡು, ಬಾಯಲ್ಲಿ ನೊರೆ. ಒಳಗೆ ಬೆಲ್ಲವಿತ್ತು, ಅದು ನೆನಪಾಗಲೇ ಇಲ್ಲ. ಎಡೆಯ ಪಾಯಸಕ್ಕೇ ಕೈಹಾಕಿ ಅದರ ವಸಡಿಗೆ ಒರೆಸಿದೆ, ಮತ್ತೆ ಅದ್ದಿದೆ, ಮತ್ತೆ ಒರೆಸಿದೆ. "ನನ್ನ ತಮ್ಮನ ಎಡೇನ ಎಂಜ್ಲು ಮಾಡ್ಬಿಟ್ಯಲ್ಲೇ" ಎಂದು ಮುತ್ಯಾಲಮ್ಮ ಎದೆ ಹಿಡಿದುಕೊಂಡು ಕೂತರು. ಅದರ ನಾಲಿಗೆ ನನ್ನ ಬೆರಳನ್ನು ನೆಕ್ಕಿದಾಗ ನನಗೆ ಜೀವ ಬಂತು.

ಬೇಕಾದರೆ ನಂಬು, ಆಮೇಲೆ ಕಾಗೆ ಬಂತು. ಬೇರೆ ಏನನ್ನೂ ಮುಟ್ಟದೆ ಆ ಎಂಜಲು ಪಾಯಸಕ್ಕೇ ಕೊಕ್ಕು ಹಾಕಿತು. ದೊರೆಗೆ ಹಾಕದೆ ತಿಂದವರಲ್ಲವಲ್ಲ ನಿಮ್ಮಪ್ಪ. ಅಷ್ಟು ಜನರ ಮುಂದೆ ನಾನು ಗಟ್ಟಿಯಾಗಿ ಅತ್ತೆ.

ಪಕ್ಕದ ಮನೆಯ ಮುನಿನಾರಾಯಣಮ್ಮ ನೀರು ಕೊಟ್ಟು ಬೆನ್ನು ಸವರುತ್ತಾ ಮೆಲ್ಲಗೆ ಕೇಳಿದಳು: "ಸೂಜಿ ಆಕುಸ್ಕೊಂಡು ಒಟ್ಟೆಗಿಲ್ದೆ ಬೆಕ್ಕು ಬಿದ್ದೋಯ್ತು. ನೀನೂ ದಿನಾ ಆಕ್ಕೊಳ್ಳೋಳು, ನೀನೂ ಉಪಾಸ. ನೀನೆಂಗೆ ನಿಂತಿದ್ದೀಯ ಅಕ್ಕಾ?"

ನಾನು ಏನೋ ಹೇಳಿ ಒಳಗೆ ಹೋದೆ.

ಈಗ ದೊರೆಯ ಗಾಯ ಪೂರ್ತಿ ಕೂಡಿದೆ, ಅದರ ಮೇಲೆ ಕೂದಲೂ ಹುಟ್ಟಿದೆ. ನನ್ನ ಕಾಲಿಗೆ ಚಪ್ಪಲಿ ಕಚ್ಚಿದ್ದು ಮಾತ್ರ ಯಾಕೋ ಇನ್ನೂ ಮಾಯ್ದಿಲ್ಲ. ಬರುವಾಗ ಮುಚ್ಚಳವಿರುವ ಬುಟ್ಟಿ ತಾ. ರೈಲಿನಲ್ಲಿ ಕಿರುಚಿದರೆ ನಿಮ್ಮಪ್ಪನ ಹಳೆಯ ಪಂಚೆ ಹೊದಿಸು, ಸುಮ್ಮನಾಗುತ್ತದೆ. ಮಗುವಿಗೆ ನನ್ನ ಮುತ್ತು.

ನಿನ್ನ ದಾರಿ ನೋಡುವ ನಿನ್ನಮ್ಮ,
ಆದಿಲಕ್ಷ್ಮಮ್ಮ

ಮ.ವಿ.: ಬರೆದದ್ದನ್ನು ಓದಿ ನೋಡಿದೆ, ಹೀಗೇ ಕಳಿಸಲು ಮನಸ್ಸಾಗಲಿಲ್ಲ. ನಾನು ಹೋಗುತ್ತಿರುವುದು ನರಸಮ್ಮನ ಮನೆಗಲ್ಲ, ಆಸ್ಪತ್ರೆಗೆ. ಎಡಗಾಲಿನ ಬೆರಳುಗಳು ಕಪ್ಪಾಗಿವೆ, ಪಾದವನ್ನೇ ತೆಗೆಯಬೇಕಾಗಬಹುದಂತೆ. ನೀನು ಚಿಕ್ಕಮುನಿಯಪ್ಪನ ಕೈಯಲ್ಲಿ ಕಳಿಸಿದ ಎರಡು ಔಷಧಿ ಸೀಸೆಗಳಲ್ಲಿ ಒಂದು ದಾರಿಯಲ್ಲೇ ಒಡೆದಿತ್ತು. ನಿನಗೆ ಹೇಳಕೂಡದೆಂದು ಅವನಿಂದ ಆಣೆ ಮಾಡಿಸಿಕೊಂಡೆ. ಹೇಳಿದ್ದರೆ ಬೆಕ್ಕಿಗೆ ಹಾಕುವುದನ್ನು ನಿಲ್ಲಿಸು ಎಂದು ನೀನು ಹೇಳುತ್ತಿದ್ದೆ. ಮಗಳಾದವಳು ಹಾಗೆನ್ನಬೇಕಾದದ್ದೇ. ಉಳಿದ ಸೀಸೆ ಅದರ ಗಾಯ ಕೂಡುವ ತನಕ ಬರಲಿ ಎಂದು ನಾನು ಹಾಕಿಕೊಳ್ಳುವುದನ್ನು ಬಿಟ್ಟೆ.

ನೀನು ಬಂದಾಗ ಬಚ್ಚಲ ಮೂಲೆಯಲ್ಲಿ ಇರುವೆ ಕಂಡರೆ ಗಾಬರಿಯಾಗಿ ದೊರೆಯ ಸೂಜಿ ಹೆಚ್ಚಿಸಬೇಡ. ಬೆಕ್ಕು ಬಚ್ಚಲಿಗೆ ಹೋಗುವುದಿಲ್ಲ.